ವಾಸ್ಕಲ್ಲಿನ ಸಂದಿಯ ಪೊಟ್ಟಣಗಳು

ಚೌಕಾಸಿಯಲ್ಲಿ ಗೆಲ್ಲಬೇಕಾದರೆ ಬಾಯಿ ಮುಚ್ಚಿಕೊಂಡಿರಬೇಕು. ಇದನ್ನು ಪುಕ್ಕಟೆಯಾಗಿ ಹೇಳುತ್ತಿದ್ದೇನೆ. ನಾನು ಪುಕ್ಕಟೆ ಕೊಡುವುದು ಸಲಹೆಯೊಂದನ್ನೇ, ಹಾಗಾಗಿ ಧಾರಾಳವಾಗಿಯೇ ಕೊಡುತ್ತೇನೆ. ಮಾರುವವನು ಬೆಲೆ ಹೇಳಿದ ಮೇಲೆ ನೀವು ಏನೂ ಹೇಳಬೇಡಿ. ಸರಕನ್ನೇ ನೋಡುತ್ತಾ ನಿಲ್ಲಿ. ಬೈಗುಳ ತಡೆದುಕೊಳ್ಳುವ ಮನುಷ್ಯ ಕೂಡ ಎದುರಿಗೆ ನಿಂತವನ ಮೌನ ತಡೆದುಕೊಳ್ಳಲಾರ. ತಾನಾಗಿ ಇಳಿಯುತ್ತಾನೆ. ಆಮೇಲೂ ಸುಮ್ಮನಿದ್ದರೆ ಇನ್ನೂ ಇಳಿಯುತ್ತಾನೆ. ಈ ವಿದ್ಯೆಯನ್ನು ನನಗೆ ಯಾವ ಗುರುವೂ ಕಲಿಸಲಿಲ್ಲ, ಗುಟ್ಕಾ ಕಲಿಸಿತು.

ನನ್ನದು ಹಳೆ ಮರದ ವ್ಯಾಪಾರ. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಕಂಬ, ತೊಲೆ ಕೊಂಡು ಮಾರುವುದು. ಅದಕ್ಕೂ ಮೊದಲು ಕಡಕೊಳದ ಕಾರ್ಖಾನೆಗಳಿಗೆ ಯಂತ್ರ ತುಂಬಿಕೊಂಡು ಬರುತ್ತಿದ್ದ ಮರದ ಪೆಟ್ಟಿಗೆಗಳನ್ನು ಬಿಚ್ಚಿ, ಹಲಗೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರೊಳಗೆ ತಂದು ಮಾರುತ್ತಿದ್ದೆ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಚಾಮರಾಜಪುರಂನಲ್ಲಿ ಹಳೆ ಮನೆಗಳು ಒಂದೊಂದಾಗಿ ನೆಲಕ್ಕಿಳಿಯುತ್ತಿದ್ದವು, ಕುವೆಂಪುನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು. ನಾನು ಎರಡರ ನಡುವೆ ಒಂದು ತಗಡಿನ ಶೆಡ್ಡು ಹಾಕಿಕೊಂಡು ಕೂತೆ. ಅಲ್ಲಿ ಬೇಡವಾದದ್ದು ಇಲ್ಲಿ ಬೇಕಾಗುವ ಹಾಗೆ ಮಾಡುವುದು ನನ್ನ ಕಸುಬು. ಈಗ ಇದಕ್ಕೆ ಮರುಬಳಕೆ, ಸುಸ್ಥಿರ ಬದುಕು ಎಂದೆಲ್ಲ ಇಸ್ತ್ರಿ ಮಾಡಿದ ಹೆಸರುಗಳಿವೆ. ಆಗ ಇದ್ದ ಹೆಸರು ಒಂದೇ, ಗುಜರಿ.

ಆ ವರ್ಷಗಳಲ್ಲಿ ಬೀಡಾ ಅಂಗಡಿಗಳ ಮುಂದೆ ಗುಟ್ಕಾ ಪೊಟ್ಟಣಗಳು ಮದುವೆ ಮನೆಯ ಹೂವಿನ ಹಾಗೆ ಸರಗಳಾಗಿ ಇಳಿಬಿದ್ದಿರುತ್ತಿದ್ದವು. ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಹಲ್ಲಿನಿಂದ ಮೂಲೆ ಹರಿದು, ತಲೆ ಎತ್ತಿ ಬಾಯಿಗೆ ಸುರಿದುಕೊಂಡರೆ ಆಯಿತು, ಎಲೆ ಬೇಡ, ಸುಣ್ಣ ಬೇಡ. ಬಾಯಿ ತುಂಬಿದ ಮೇಲೆ ಮಾತಾಡುವಂತಿಲ್ಲ, ಮಾತಾಡಿದರೆ ಎದುರಿನವನ ಬಿಳಿ ಪಂಚೆಗೆ ಬಣ್ಣ. ಹೀಗೆ ನಾನು ಬಾಯಿ ತುಂಬಿಕೊಂಡು, ಕೆಡವುತ್ತಿರುವ ಮನೆಯ ಅಂಗಳದಲ್ಲಿ ತೇಗದ ಬಾಗಿಲನ್ನು ನೋಡುತ್ತಾ ನಿಲ್ಲುತ್ತಿದ್ದೆ. ಮನೆಯವರು ಬೆಲೆ ಹೇಳುತ್ತಿದ್ದರು. ನಾನು ‘ಹ್ಞೂಂ’ ಎನ್ನುತ್ತಿದ್ದೆ. ಅದು ಒಪ್ಪಿಗೆಯೋ ತಿರಸ್ಕಾರವೋ ಅವರಿಗೆ ತಿಳಿಯುತ್ತಿರಲಿಲ್ಲ. ‘ಜಾಸ್ತಿ ಆಯ್ತಾ?’ ಎನ್ನುತ್ತಿದ್ದರು. ನಾನು ಮೂಲೆಗೆ ಹೋಗಿ ಉಗಿದು ಬರುತ್ತಿದ್ದೆ. ಅವರು ಅದನ್ನು ತಮ್ಮ ಬೆಲೆಯ ಮೇಲಿನ ಅಭಿಪ್ರಾಯ ಎಂದುಕೊಂಡು ಇಳಿಸಿಬಿಡುತ್ತಿದ್ದರು. ಗಂಭೀರ ಮನುಷ್ಯ, ಅಳೆದು ತೂಗಿ ಮಾತಾಡುವವನು ಎಂದು ನನಗೆ ಹೆಸರು ಬಂತು. ಒಮ್ಮೆ ಬಡಾವಣೆಯೊಂದರ ಪರಿಸರ ಪ್ರಿಯರು ಹಳೆ ಮರ ಉಳಿಸಿದವನೆಂದು ನನ್ನನ್ನು ವೇದಿಕೆಗೆ ಹತ್ತಿಸಿ ಶಾಲು ಹೊದಿಸಿದರು. ಎರಡು ಮಾತಾಡಿ ಎಂದರು. ಬಾಯಲ್ಲಿ ಜಾಗ ಇರಲಿಲ್ಲ, ಕೈ ಮುಗಿದು ಕೂತುಬಿಟ್ಟೆ. ಎಂಥ ವಿನಯ ಎಂದು ಚಪ್ಪಾಳೆ ತಟ್ಟಿದರು. ಖಾಲಿ ಪೊಟ್ಟಣವನ್ನು ವೇದಿಕೆಯ ಹೂಕುಂಡದಲ್ಲಿ ಸಿಕ್ಕಿಸಿ ಕೆಳಗಿಳಿದೆ.

ನನ್ನ ಹೆಂಡತಿಗೆ ಮಾತ್ರ ಈ ವಿನಯದಲ್ಲಿ ನಂಬಿಕೆ ಇರಲಿಲ್ಲ. ಚೌಕಾಸಿಯಲ್ಲಿ ಆಕೆ ನನಗಿಂತ ಒಂದು ಕೈ ಮೇಲು. ಮಾರ್ಕೆಟ್ಟಿನಲ್ಲಿ ಸೊಪ್ಪಿನವರು ಆಕೆಯನ್ನು ಕಂಡರೆ ಕಂತೆಯನ್ನು ತಾವಾಗಿಯೇ ದಪ್ಪ ಮಾಡುತ್ತಿದ್ದರು. ಒಂದು ಮಳೆಗಾಲದಲ್ಲಿ ಶೆಡ್ಡಿನ ಮುಂದಿನ ಚರಂಡಿ ಕಟ್ಟಿಕೊಂಡು ನೀರು ಒಳಗೆ ನುಗ್ಗಿತು. ಬಿದಿರು ಗಳುವಿನಿಂದ ಕೆದಕಿದರೆ ಬಂದದ್ದೆಲ್ಲ ನನ್ನವೇ ಪೊಟ್ಟಣಗಳು.

‘ನೋಡ್ಕಳಿ, ಬೆಳ್ಳಿ ತೋಡಿದೀರ!’ ಅಂದಳು ಆಕೆ, ಸೀರೆ ಎತ್ತಿ ಕಟ್ಟಿಕೊಂಡು ನೀರಲ್ಲಿ ನಿಂತು. ‘ಇನ್ಮೇಲೆ ಒಂದ್ ಪೊಟ್ಟಣ ಈ ಚರಂಡೀಲಿ ಕಂಡ್ರೆ ನಿಮ್ಮೂಟಾನೂ ಇಲ್ಲೇ ಬಡುಸ್ತೀನಿ.’

ಅಲ್ಲಿಂದ ನಾನು ಸುಧಾರಿಸಿದೆ. ಚರಂಡಿಗೆ ಎಸೆಯುವುದನ್ನು ಪೂರ್ತಿ ನಿಲ್ಲಿಸಿಬಿಟ್ಟೆ. ಅಂಗಳವೂ ಚೊಕ್ಕಟವಾಗಿರಬೇಕು, ಗಿರಾಕಿಗಳು ನೋಡುತ್ತಾರೆ. ಹಳೆ ಬಾಗಿಲಿನ ಚೌಕಟ್ಟುಗಳ ಮೂಲೆಯಲ್ಲಿ, ಒಂದು ಮರ ಇನ್ನೊಂದರೊಳಗೆ ಹೋಗಿ ಕೂರುವುದಕ್ಕೆ ಕೊರೆದ ಆಳವಾದ ಗುಳಿಗಳಿರುತ್ತವೆ. ಚೌಕಟ್ಟು ಬಿಚ್ಚಿ ಒರಗಿಸಿದಾಗ ಆ ಗುಳಿಗಳು ಖಾಲಿ ಬಾಯಿ ಬಿಟ್ಟುಕೊಂಡಿರುತ್ತವೆ. ಕೂತಲ್ಲಿಂದಲೇ ಕೈಗೆ ಎಟಕುತ್ತವೆ. ಪೊಟ್ಟಣವನ್ನು ಮಡಿಸಿ ಬೆರಳಿನಿಂದ ಒಳಗೆ ತಳ್ಳಿದರೆ ಸೂರ್ಯನಿಗೂ ಕಾಣುವುದಿಲ್ಲ. ಚರಂಡಿ ಹರಿಯಿತು, ಅಂಗಳ ಹೊಳೆಯಿತು, ಹೆಂಡತಿ ಸುಮ್ಮನಾದಳು. ಪರಿಸರ ಕಾಪಾಡುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ ಆ ವೇದಿಕೆಯ ಮೇಲೆ ಎರಡು ಮಾತು ಆಡಿಯೇ ಬಿಡುತ್ತಿದ್ದೆ.

ಹೀಗಿರುವಾಗ ಕುವೆಂಪುನಗರದಲ್ಲಿ ಮನೆ ಕಟ್ಟಿಸುತ್ತಿದ್ದ ಬಟ್ಟೆ ವ್ಯಾಪಾರಿಯೊಬ್ಬರು ಮುಂಬಾಗಿಲಿಗೆ ಹಳೆ ಚೌಕಟ್ಟು ಹುಡುಕಿಕೊಂಡು ಬಂದರು. ಹಣೆಯ ತುಂಬ ವಿಭೂತಿ, ಮಠಕ್ಕೆ ನಡೆದುಕೊಳ್ಳುವ ಮನೆತನ. ಹಳೆ ತೇಗವೇ ಬೇಕು ಎಂದು ಅವರ ತಾಯಿಯ ಹಟವಂತೆ. ನಮ್ಮ ಕಡೆ ಮುಂಬಾಗಿಲಿನ ಚೌಕಟ್ಟಿಗೆ ವಾಸ್ಕಲ್ಲು ಎನ್ನುತ್ತಾರೆ. ಅದನ್ನು ನಿಲ್ಲಿಸುವುದೆಂದರೆ ಮನೆಗೆ ಮುಖ ಇಟ್ಟ ಹಾಗೆ. ಒಳ್ಳೆ ಗಳಿಗೆ ನೋಡಿ, ಪೂಜೆ ಮಾಡಿ, ಅಡಿಯಲ್ಲಿ ನವರತ್ನದ ಚೂರು, ಪಂಚಲೋಹ ಹಾಕಿ ನಿಲ್ಲಿಸುತ್ತಾರೆ. ನನ್ನಲ್ಲಿದ್ದ ಚೌಕಟ್ಟುಗಳಲ್ಲೇ ಚೆನ್ನಾದದ್ದನ್ನು ಬಿಚ್ಚಿದಂತೆಯೇ ಕಳಿಸಿದೆ, ಅಲ್ಲೇ ಮರಗೆಲಸದ ಆಚಾರಿ ಜೋಡಿಸಿಕೊಳ್ಳಲಿ ಎಂದು. ಪೂಜೆಗೆ ನನಗೂ ಕರೆ ಬಂತು. ಹೋಗುವ ಮುಂಚೆ ಒಂದು ಪೊಟ್ಟಣ ಬಾಯಿಗೆ ಹಾಕಿಕೊಂಡೆ. ಕೊನೆ ಗಳಿಗೆಯಲ್ಲಿ ಬೆಲೆ ಇಳಿಸಿ ಎನ್ನುವವರು ಪೂಜೆಯಲ್ಲೂ ಇರುತ್ತಾರೆ, ಹುಷಾರಾಗಿರಬೇಕು.

ಆಚಾರಿ ನಿಲುವು ಮರದ ಗುಳಿಯೊಳಗೆ ಅಡ್ಡಮರದ ತುದಿ ಇಟ್ಟು ಸುತ್ತಿಗೆಯಿಂದ ಬಡಿದ. ಕೂರಲಿಲ್ಲ. ಮತ್ತೆ ಬಡಿದ. ಕೂರಲಿಲ್ಲ.

‘ಬೇಗ ಮಾಡಪ್ಪ, ರಾಹುಕಾಲ ಬಂದ್ಬುಡ್ತದೆ,’ ಅಂದರು ಪೂಜೆ ಮಾಡಿಸಲು ಬಂದಿದ್ದ ಅಯ್ಯನೋರು.

‘ಒಳಗೇನೋ ಸಿಕ್ಕಾಕಂಡದೆ ಅಯ್ಯನೋರೆ,’ ಎಂದು ಆಚಾರಿ ಉಳಿಯ ತುದಿಯನ್ನು ಗುಳಿಯೊಳಗೆ ಬಿಟ್ಟು ಕೆದಕಿದ.

ಒಂದು ಪೊಟ್ಟಣ ಬಂತು. ಎಲ್ಲರೂ ನೋಡಿದರು. ಇನ್ನೊಂದು ಬಂತು. ಆಚಾರಿ ಮರವನ್ನು ತಲೆಕೆಳಗು ಮಾಡಿ ಹಿಂದಿನಿಂದ ಒಂದು ಏಟು ಕೊಟ್ಟ. ಹಸಿರು, ಕೆಂಪು, ಬೆಳ್ಳಿ ಬಣ್ಣದವು ಅರಿಶಿನ ಕುಂಕುಮ ಹಚ್ಚಿದ ಮರದ ಮೇಲೆ, ಹೂವಿನ ಮೇಲೆ, ಅಯ್ಯನೋರ ಪಾದದ ಬಳಿ ಬಳಬಳ ಉದುರಿದವು.

ಅಯ್ಯನೋರು ತಮ್ಮ ಕೈಯಲ್ಲಿದ್ದ ನವರತ್ನದ ಸಣ್ಣ ಪೊಟ್ಟಣವನ್ನು ನೋಡಿಕೊಂಡರು, ಕೆಳಗೆ ಬಿದ್ದಿದ್ದನ್ನು ನೋಡಿದರು. ‘ನಾವು ಒಂದ್ ಪೊಟ್ಟಣ ತಂದ್ರೆ ಇವ್ರು ಗಂಟೇ ಹಾಕ್ಬುಟ್ಟವ್ರಲ್ಲ ಯಜಮಾನ್ರೆ,’ ಅಂದರು.

ನಗು ಶುರುವಾಯಿತು. ಆಮೇಲೆ ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ನನಗೆ ಹೇಳುವುದಕ್ಕೆ ಎಷ್ಟೋ ಇತ್ತು. ಹಿಂದಿನ ಮನೆಯವರು ಹಾಕಿರಬಹುದು, ಲಾರಿಯವರು ಹಾಕಿರಬಹುದು, ಹೆಗ್ಗಣ ತಂದಿರಬಹುದು. ಆದರೆ ಬಾಯಿ ತುಂಬಿತ್ತು. ತೆರೆದರೆ ಸಾಕ್ಷಿ ಹೊರಗೇ ಬರುತ್ತದೆ. ನಾನು ‘ಹ್ಞೂಂ’ ಎಂದೆ. ಆವತ್ತು ಆ ‘ಹ್ಞೂಂ’ಗೆ ಯಾರೂ ಏನೂ ಇಳಿಸಲಿಲ್ಲ.

ವ್ಯಾಪಾರಿಯ ತಾಯಿ, ಮುಖದಷ್ಟೇ ದೊಡ್ಡ ಕನ್ನಡಕದ ಮುದುಕಿ, ಎದ್ದು ಬಂದರು. ‘ಹೋಗಪ್ಪ, ಬಾಯಿ ಮುಕ್ಕಳಿಸ್ಕಂಡು ಬಾ,’ ಅಂದರು. ಬಯ್ಯಲಿಲ್ಲ. ಬೈದಿದ್ದರೆ ನಾನೂ ಒಂದು ಕೈ ನೋಡುತ್ತಿದ್ದೆ. ನಲ್ಲಿಯ ಬಳಿ ಹೋಗಿ, ಬೇಕೆಂದೇ ತಡ ಮಾಡಿ ಬಂದೆ. ಅಷ್ಟರಲ್ಲಿ ಗುಳಿಗಳನ್ನೆಲ್ಲ ಕೆರೆದು, ತೊಳೆದು, ವಾಸ್ಕಲ್ಲು ನಿಲ್ಲಿಸಿದ್ದರು. ಆ ಮನೆಯ ಪದ್ಧತಿಯೊಂದಿತ್ತು. ವಾಸ್ಕಲ್ಲು ಕೊಟ್ಟವನ ಬಾಯಿಗೆ ಮನೆಯ ಹಿರಿಯರು ತಮ್ಮ ಕೈಯಾರೆ ಸಿಹಿ ಇಡಬೇಕು, ಇಡಿಯಾಗಿ ಇಡಬೇಕು, ಮುರಿಯಬಾರದು.

‘ಬಾಯ್ ತಗಿ,’ ಅಂದರು ಮುದುಕಿ, ಕೈಯಲ್ಲಿ ಲಾಡು ಹಿಡಿದುಕೊಂಡು.

ತೆರೆದೆ.

‘ಇನ್ನೊಂಚೂರು.’

ಅಷ್ಟೇ ಇತ್ತು. ಲಾಡು ಹಲ್ಲಿಗೆ ತಗುಲಿ ನಿಂತಿತು. ಆಕೆ ತಳ್ಳಿದರು. ನಾನು ಕಣ್ಣು ಅಗಲ ಮಾಡಿದೆ, ಕುತ್ತಿಗೆ ಚಾಚಿದೆ, ಕೆನ್ನೆಯ ಒಳಗೆ ಹಗ್ಗ ಎಳೆದು ಕಟ್ಟಿದ ಹಾಗಾಯಿತು. ಲಾಡಿನ ಬೂಂದಿ ಒಂದೆರಡು ಉದುರಿ ಶರಟಿನ ಮೇಲೆ ಬಿದ್ದವು. ಊಟದಲ್ಲಿ ತುತ್ತು ಚಿಕ್ಕದಾಗುತ್ತಾ ಬಂದದ್ದು ನನಗೆ ಗೊತ್ತಿತ್ತು. ವಯಸ್ಸಾಯಿತು, ಹೆಂಡತಿ ಮುದ್ದೆ ಗಟ್ಟಿ ಮಾಡುತ್ತಾಳೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಖಾರ ಮುಟ್ಟಿದರೆ ಉರಿಯುತ್ತಿದ್ದದ್ದಕ್ಕೆ ಮೆಣಸಿನಕಾಯಿಯನ್ನು ಬೈದಿದ್ದೆ.

‘ಇದ್ಯಾಕಪ್ಪ, ಬಾಗ್ಲು ಮಾರೋನ ಬಾಯಿಗೇ ಬೀಗ ಬಿದ್ಬುಟ್ಟದೆ?’ ಅಂದರು ಮುದುಕಿ. ಈ ಸಲ ಯಾರೂ ನಗಲಿಲ್ಲ. ಲಾಡನ್ನು ನನ್ನ ಕೈಗೇ ಕೊಟ್ಟುಬಿಟ್ಟರು.

ಲಾಡಿನ ಸುದ್ದಿ ಕೇಳಿ ಮಾರನೆಯ ದಿನವೇ ಹೆಂಡತಿ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು, ಮಾತು ಕಡಿಮೆ. ‘ಮೂರು ಬೆರಳು ಒಂದರ ಮೇಲೊಂದು ಬರೋ ಹಾಗೆ ಬಾಯೊಳಗೆ ಇಟ್ಕೊಳ್ಳಿ,’ ಅಂದರು. ನೀವೂ ಓದುವುದನ್ನು ನಿಲ್ಲಿಸಿ ಈಗಲೇ ಇಟ್ಟುಕೊಂಡು ನೋಡಿ, ಖರ್ಚಿಲ್ಲದ ಪರೀಕ್ಷೆ. ನನಗೆ ಒಂದು ಬೆರಳು ಹೋಯಿತು, ಎರಡನೆಯದು ಉಗುರಿನ ತನಕ ಹೋಗಿ ನಿಂತಿತು.

ಕೆನ್ನೆಯ ಒಳಚರ್ಮ ಗಟ್ಟಿಯಾಗಿ ನಾರು ಕಟ್ಟಿಕೊಂಡಿದೆ, ತಿನ್ನುವುದು ನಿಲ್ಲಿಸದಿದ್ದರೆ ಇನ್ನೂ ಮುಚ್ಚುತ್ತದೆ, ಅದಕ್ಕಿಂತ ಕೆಟ್ಟದ್ದಕ್ಕೂ ತಿರುಗಬಹುದು ಎಂದರು.

‘ಎಲ್ಲಿ ತನಕ ಮುಚ್ಚುತ್ತೆ?’ ಎಂದೆ.

‘ನೀವು ಕೊಳವೆ ಹಾಕ್ಕೊಂಡು ಗಂಜಿ ಕುಡಿಯೋ ತನಕ.’

ಬಾಯಿ ನನ್ನ ಬಂಡವಾಳ. ಉಳಿದದ್ದೆಲ್ಲ, ಶೆಡ್ಡು, ಸ್ಕೂಟರು, ಹೆಂಡತಿಯ ಕಿವಿಯ ಓಲೆ, ಅದರಿಂದ ಹುಟ್ಟಿದ ಬಡ್ಡಿ. ಆದರೂ ಅಭ್ಯಾಸಬಲ ನೋಡಿ, ನಾನು ಚೌಕಾಸಿಗೆ ಇಳಿದೆ. ‘ಊಟ ಆದ್ಮೇಲೆ ಮಾತ್ರ?’ ‘ಇಲ್ಲ.’ ‘ಭಾನುವಾರ?’ ‘ಇಲ್ಲ.’ ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ, ಸುಮ್ಮನೆ ಗೋಡೆ ನೋಡುತ್ತಾ ಕೂತೆ. ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಅಲ್ಲಿ ನಡೆಯದಿದ್ದರೆ ಗುಟ್ಕಾದ ಜೊತೆಯೇ ಮಾತಾಡೋಣ ಎಂದು ಹೊರಟೆ. ಇಲ್ಲಿ ನನ್ನ ಅನುಭವ ಕೇಳಿ. ಚಟದ ಜೊತೆ ಚೌಕಾಸಿ ಮಾಡಬಾರದು. ಅದು ಫಿಕ್ಸೆಡ್ ರೇಟಿನ ಅಂಗಡಿ. ಇವತ್ತು ಅರ್ಧ ಎಂದರೆ ಒಪ್ಪಿದ ಹಾಗೆ ಮಾಡಿ, ಸಂಜೆ ಅರ್ಧದ ಜೊತೆ ಇನ್ನರ್ಧವನ್ನೂ ವಸೂಲು ಮಾಡುತ್ತದೆ. ನಾನು ಪೊಟ್ಟಣ ಬಿಟ್ಟು ಬೀಡಾಕ್ಕೆ ಬಂದೆ. ಎಲೆ, ಅಡಿಕೆ, ಎಲ್ಲ ಮಣ್ಣಿನಲ್ಲಿ ಬೆಳೆದದ್ದು, ಕಟ್ಟಿಕೊಡುವುದೂ ಬಾಳೆಎಲೆಯ ಚೂರಿನಲ್ಲಿ. ಪ್ಲಾಸ್ಟಿಕ್ಕಿನ ಸುಳಿವಿಲ್ಲ. ಹೆಮ್ಮೆಯಿಂದ ಹೋಗಿ ಡಾಕ್ಟರಿಗೆ ಹೇಳಿದೆ, ‘ಪರಿಸರಕ್ಕೆ ಒಂಚೂರೂ ತೊಂದ್ರೆ ಇಲ್ಲ ಮೇಡಂ, ಚರಂಡೀನೂ ಕಟ್ಟಲ್ಲ.’

‘ಅಡಿಕೆ ಇದೆಯಲ್ಲ?’

‘ಅಡಿಕೆ ಇಲ್ದೆ ಬೀಡಾ ಹೆಂಗೆ ಮೇಡಂ?’

‘ನಿಮ್ಮ ಚರಂಡಿ ಉಳೀತು. ಬಾಯಿ ಉಳಿಯಲ್ಲ,’ ಅಂದರು. ಅಳತೆ ನೋಡಿದರು. ಎರಡನೆಯ ಬೆರಳಿನ ಉಗುರು ಕೂಡ ಈಗ ಒಳಗೆ ಹೋಗಲು ಒಪ್ಪಲಿಲ್ಲ.

ಅವತ್ತು ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿ ಮುದ್ದೆಯನ್ನು ಗೋಲಿಯಷ್ಟು ಗೋಲಿಯಷ್ಟು ಮುರಿದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟಿದ್ದಳು. ನಾನು ಕೇಳಿರಲಿಲ್ಲ. ಎಷ್ಟು ದಿನದಿಂದ ಹಾಗೆ ಮುರಿದಿಡುತ್ತಿದ್ದಳೋ, ನಾನು ನೋಡಿಯೇ ಇರಲಿಲ್ಲ.

‘ಇಷ್ಟಿಷ್ಟಾದ್ರೂ ಹೋಗ್ತದಲ್ಲ, ತಿನ್ನಿ,’ ಅಂದಳು. ‘ಇನ್ನೂ ಮುಚ್ಕಂಡ್ರೆ ಏನ್ ಮಾಡ್ಲಿ ಅಂತ ನಂಗೊತ್ತಿಲ್ಲ.’

ಯಾವ ಬೆಲೆಗೂ ಸರಿಯಾಗಿ ಎದುರು ಬೆಲೆ ಹೇಳುತ್ತಿದ್ದ ಹೆಂಗಸು ಗೊತ್ತಿಲ್ಲ ಎಂದದ್ದು ನಾನು ಮೊದಲ ಸಲ ಕೇಳಿದ್ದು. ಜೇಬಿನಲ್ಲಿದ್ದ ಬೀಡಾದ ಪೊಟ್ಟಣವನ್ನು ಒಲೆಗೆ ಹಾಕಿದೆ. ಒಣಗಿದ ಬಾಳೆಎಲೆ, ಚೆನ್ನಾಗಿ ಉರಿಯಿತು.

ಚಟ ಬಿಟ್ಟವರ ಕಥೆಗಳಲ್ಲಿ ಬಿಟ್ಟ ಮೇಲೆ ಮುಖದಲ್ಲಿ ತೇಜಸ್ಸು ಬರುತ್ತದೆ, ಹಕ್ಕಿಗಳ ದನಿ ಕೇಳುತ್ತದೆ ಎಂದಿರುತ್ತದೆ. ನನಗೆ ತಲೆನೋವು ಬಂತು, ಬೀಡಾ ಅಂಗಡಿಯ ಮುಂದೆ ಸ್ಕೂಟರು ತಾನಾಗಿಯೇ ನಿಲ್ಲುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ವ್ಯಾಪಾರಕ್ಕೆ ಬಿತ್ತು. ಖಾಲಿ ಬಾಯಿ ಸುಮ್ಮನಿರುವುದಿಲ್ಲ. ಕೆಡವುವ ಮನೆಗೆ ಹೋಗಿ ನಿಂತರೆ, ಅವರು ಬೆಲೆ ಹೇಳುವ ಮೊದಲೇ, ‘ಆಹಾ, ಎಂಥಾ ತೇಗ ಸಾರ್! ಈ ಕೆತ್ತನೆ ಈಗ ಯಾರು ಮಾಡ್ತಾರೆ!’ ಎಂದು ನಾನೇ ಹೊಗಳಿಬಿಡುತ್ತಿದ್ದೆ. ಕೊಳ್ಳುವವನು ಹೊಗಳಿದ ಮೇಲೆ ಮಾರುವವನು ಏರದೆ ಇರುತ್ತಾನೆಯೇ? ಅದರ ಮೇಲೆ ಸಲಹೆ ಬೇರೆ. ಮನೆ ಯಾಕೆ ಕೆಡವುತ್ತೀರಿ, ರಿಪೇರಿ ಮಾಡಿಸಿ ಎಂದು ಒಬ್ಬರಿಗೆ ಹೇಳಿದೆ. ಅವರು ಮಾಡಿಸಿಯೂ ಬಿಟ್ಟರು. ಗಂಭೀರ ಮನುಷ್ಯ ಎಂಬ ಹೆಸರು ಹೋಯಿತು.

‘ಮೊದ್ಲು ಬಾಯ್ ಬುಡ್ತಿರ್ಲಿಲ್ಲ, ಈಗ ಮುಚ್ಚಲ್ಲ,’ ಎಂದು ಹೆಂಡತಿ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಬೇಜಾರು ಮಾತಿನಲ್ಲಿತ್ತು, ಮುಖದಲ್ಲಿ ಇರಲಿಲ್ಲ.

ಸುಮ್ಮನಿರಲಾರದೆ ಒಂದು ದಿನ ಶೆಡ್ಡಿನಲ್ಲಿದ್ದ ಚೌಕಟ್ಟುಗಳ ಗುಳಿಗಳನ್ನೆಲ್ಲ ಕೆದಕಿ ಪೊಟ್ಟಣ ತೆಗೆಯಲು ಕೂತೆ. ಚಿಲಕದ ತೂತು, ಕೀಲಿನ ಸಂದಿ, ಕಂಬದ ಬುಡದ ಬಿರುಕು, ಎಲ್ಲಿ ಕೈ ಹಾಕಿದರೂ ನಾನೇ ಸಿಕ್ಕಿದೆ. ಗೋಣಿಚೀಲಗಳು ತುಂಬಿದವು. ತಳ್ಳುಗಾಡಿಯ ಗುಜರಿಯವನನ್ನು ಕರೆದು ಮಾತು ಶುರು ಮಾಡಿದೆ. ಅವನು ಚೀಲದೊಳಗೆ ಇಣುಕಿ ನೋಡಿದ.

‘ಇದ್ನ ಯಾರೂ ತಕ್ಕಳಲ್ಲ ಸಾ.’

‘ಪುಕ್ಕಟೆ ತಗೊಂಡೋಗಯ್ಯ.’

‘ಪುಕ್ಕಟೆ ಕೊಟ್ರೂ ಬ್ಯಾಡ. ಇದು ಕರಗಲ್ಲ, ಕೊಳೆಯಲ್ಲ. ನೀವೇ ಮಡೀಕಳಿ.’

ಬಿರುಕು ಬಿಟ್ಟ ಕಂಬ ಮಾರಿದ್ದೇನೆ, ಗೆದ್ದಲು ತಿಂದ ತೊಲೆಯನ್ನು ಗೆದ್ದಲಿನ ಕೆತ್ತನೆ ಎಂದು ಮಾರಿದ್ದೇನೆ. ಬಿಟ್ಟಿ ಕೊಟ್ಟರೂ ಬೇಡ ಎನಿಸಿಕೊಂಡ ಸರಕು ಇದೊಂದೇ. ಸುಡೋಣವೆಂದರೆ ಆ ಹೊಗೆಯ ನಾತಕ್ಕೆ ಹೆಂಡತಿ ಒಪ್ಪಲಿಲ್ಲ. ಚೀಲಗಳು ಶೆಡ್ಡಿನ ಮೂಲೆಯಲ್ಲೇ ಉಳಿದವು. ಎಷ್ಟೋ ವರ್ಷ ಅಲ್ಲೇ ಇದ್ದವು, ಒಂದು ಪೊಟ್ಟಣದ ಬಣ್ಣವೂ ಮಾಸಲಿಲ್ಲ. ಬೀಡಾ ಅಂಗಡಿಯ ನೆನಪು ಬಂದಾಗ ಆ ಕಡೆ ಒಮ್ಮೆ ನೋಡುತ್ತಿದ್ದೆ. ಉಪನ್ಯಾಸಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಶಾಲು ಹೊದಿಸುವ ಖರ್ಚೂ ಇಲ್ಲ.

ಬಾಯಿ ತೆರೆಯುವ ವ್ಯಾಯಾಮಕ್ಕೆಂದು ಡಾಕ್ಟರು ಐಸ್‌ಕ್ರೀಮ್ ಕಡ್ಡಿಯಂಥ ತೆಳು ಪಟ್ಟಿಗಳನ್ನು ಕೊಟ್ಟಿದ್ದರು. ಹಲ್ಲಿನ ನಡುವೆ ಒಂದರ ಮೇಲೊಂದು ಇಡುತ್ತಾ ಹೋಗಬೇಕು, ಆಮೇಲೆ ಎಸೆಯಬೇಕು. ಮತ್ತೆ ಎಸೆಯುವುದೇ ಎಂದು ನನಗೆ ಸಿಟ್ಟು ಬಂತು. ಅದೇ ವಾಸ್ಕಲ್ಲು ನಿಲ್ಲಿಸಿದ ಆಚಾರಿಯ ಹತ್ತಿರ ಹೋಗಿ, ತೇಗದ ಚೂರಿನಲ್ಲಿ ಒಂದು ಬೆಣೆ ಮಾಡಿಸಿದೆ. ತುದಿ ತೆಳು, ಬುಡ ದಪ್ಪ, ಗಾಜಿನ ಹಾಗೆ ನಯ. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಿಸಿನೀರಲ್ಲಿ ಕುದಿಸಿಕೊಳ್ಳಿ, ಮೆಲ್ಲಗೆ ತಳ್ಳಿ ಎಂದು ಒಪ್ಪಿದರು. ಬಾಗಿಲು ಅಲುಗದಿರಲಿ ಎಂದು ಬೆಣೆ ಹೊಡೆಯುವುದನ್ನು ಜೀವಮಾನವೆಲ್ಲ ನೋಡಿದವನು ನಾನು. ಬಾಯಿ ಮುಚ್ಚದಿರಲಿ ಎಂದು ಬೆಳಿಗ್ಗೆ ಸಂಜೆ ಶೆಡ್ಡಿನಲ್ಲಿ ಬೆಣೆ ಹೊಡೆದುಕೊಂಡು ಕೂರುತ್ತಿದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು.

ಒಂದು ಬೆಳಿಗ್ಗೆ ಹಾಗೆ ಕೂತಿದ್ದಾಗ ಚಾಮರಾಜಪುರಂನಿಂದ ಒಬ್ಬರು ಕಂಬಗಳನ್ನು ಮಾರಲು ಬಂದರು. ಬೆಣೆ ತೆಗೆಯುವಂತಿರಲಿಲ್ಲ, ಹೊತ್ತು ಮುಗಿದಿರಲಿಲ್ಲ. ಅವರು ಬೆಲೆ ಹೇಳಿದರು. ನಾನು ಬಾಯಲ್ಲಿ ಮರ ಕಚ್ಚಿಕೊಂಡು, ಕಣ್ಣೀರು ಸುರಿಸುತ್ತಾ, ಅವರನ್ನೇ ನೋಡಿದೆ.

‘ಏನ್ ಸಾರ್, ಅಷ್ಟೊಂದು ಜಾಸ್ತಿ ಆಯ್ತಾ?’ ಅಂದರು ಗಾಬರಿಯಾಗಿ.

‘ಹ್ಞೂಂ,’ ಎಂದೆ.

ಇಳಿಸಿದರು. ವಿದ್ಯೆ ನನ್ನದೇ ಆಗಿತ್ತು, ಗುಟ್ಕಾ ಇಷ್ಟು ವರ್ಷ ಕಮಿಷನ್ ಹೊಡೆಯುತ್ತಿತ್ತು, ಅಷ್ಟೆ. ಅವರು ಹೋದ ಮೇಲೆ ಆ ಬೆಣೆಯನ್ನು ತೊಳೆದು, ಒರೆಸಿ, ಶರಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಇಟ್ಟುಕೊಂಡೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹಳೆ ಮರಕ್ಕೆ ರಾಜಯೋಗ ಬಂತು. ಮೂಗು ಮುಚ್ಚಿಕೊಂಡು ಬರುತ್ತಿದ್ದವರು ಕ್ಯಾಮೆರಾ ಹಿಡಿದುಕೊಂಡು ಬರತೊಡಗಿದರು. ನನ್ನ ಬಾಯಿಗೆ ಮಾತ್ರ ಅಂಥ ಯೋಗ ಬರಲಿಲ್ಲ. ಎರಡು ಬೆರಳು ಸಲೀಸಾಗಿ ಹೋಗುತ್ತಿದ್ದವು, ಮೂರನೆಯದು ಉಗುರಿನ ಬಳಿ ನಿಲ್ಲುತ್ತಿತ್ತು. ಡಾಕ್ಟರನ್ನು ಕೇಳಿದೆ, ‘ಅದೊಂದನ್ನೂ ಸೇರಿಸಿ ಮುಗಿಸಿಬಿಡಿ ಮೇಡಂ, ಹಳೆ ಗಿರಾಕಿ ನಾನು.’

‘ಇನ್ನು ಮುಚ್ಚಲ್ಲ. ಅದು ನಿಮಗೆ ಸಿಕ್ಕಿದ್ದು. ಹೋದದ್ದು ಪೂರ್ತಿ ವಾಪಸ್ ಬರಲ್ಲ,’ ಅಂದರು. ನಾನು ಗೋಡೆ ನೋಡುತ್ತಾ ಕೂತೆ. ಅವರು ನಕ್ಕರು. ಮುಂದಿನ ರೋಗಿಯನ್ನು ಕರೆದರು.

ಅದೇ ಸುಮಾರಿನಲ್ಲಿ ಕುವೆಂಪುನಗರದ ಆ ಬಟ್ಟೆ ವ್ಯಾಪಾರಿ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿದರು. ಮೇಲಿನ ಬಾಗಿಲೂ ನನ್ನದೇ. ಗುಳಿಗಳನ್ನು ಈ ಸಲ ಆಚಾರಿ ನನ್ನೆದುರಿಗೇ ಟಾರ್ಚು ಹಾಕಿ ನೋಡಿಕೊಂಡ. ಪೂಜೆ ಮುಗಿದ ಮೇಲೆ ಮುದುಕಿ ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ಲಾಡು.

‘ಬಾಯ್ ತಗಿ, ನೋಡಣ.’

ತೆರೆದೆ. ಆಕೆ ಕನ್ನಡಕ ಸರಿ ಮಾಡಿಕೊಂಡು, ಬಾಡಿಗೆ ಮನೆ ನೋಡುವವರ ಹಾಗೆ ಒಳಗೆ ಇಣುಕಿದರು. ಲಾಡನ್ನು ನೋಡಿದರು. ಆಮೇಲೆ ಅದನ್ನು ಮುರಿದು ಅರ್ಧವನ್ನು ನನ್ನ ಬಾಯಿಗಿಟ್ಟರು. ಹಲ್ಲಿಗೆ ತಗುಲದೆ ಹೋಯಿತು.

‘ಮುರೀಬಾರ್ದು ಅಂತಲ್ವಾ ನಿಮ್ಮ ಮನೇಲಿ?’ ಎಂದೆ ಬಾಯಿ ತುಂಬಿಕೊಂಡೇ.

‘ಪದ್ಧತಿ ನಮ್ದು, ಬಾಯಿ ನಿಂದು. ಎಷ್ಟು ಹಿಡೀತದೋ ಅಷ್ಟು,’ ಅಂದರು. ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ನನ್ನ ಅಂಗೈಗೆ ಒತ್ತಿದರು.

ಅದನ್ನು ಕೆಳಗಿಳಿದು ಬಂದು ಮುಂಬಾಗಿಲಿನಲ್ಲಿ ನಿಂತು ತಿಂದೆ. ತುಪ್ಪ ಜೋರಾಗಿತ್ತು, ಏಲಕ್ಕಿ ಸ್ವಲ್ಪ ಕಮ್ಮಿ, ಹೇಳೋಣವೆಂದುಕೊಂಡು ಹೇಳಲಿಲ್ಲ. ಕೈಯಲ್ಲಿ ಉಳಿದ ಕಾಗದವನ್ನು ಮಡಿಸಿದಾಗ ಬೆರಳು ತಾನಾಗಿಯೇ ವಾಸ್ಕಲ್ಲಿನ ಮೂಲೆಯ ಕಡೆ ಹೋಯಿತು. ಆಚಾರಿ ಅಲ್ಲಿ ಕೂದಲು ತೂರದ ಹಾಗೆ ಬಿಗಿ ಮಾಡಿಬಿಟ್ಟಿದ್ದ. ಕಾಗದವನ್ನು ಬೆಣೆಯ ಪಕ್ಕ ಜೇಬಿಗಿಟ್ಟುಕೊಂಡು ಸ್ಕೂಟರು ಹತ್ತಿದೆ.